ಮುಚ್ಚಳಿಕೆಯ ನಂತರದ ಆರು ತಿಂಗಳು: ಮನೆಯೊಳಗಿನ ಹಿಂಸೆ ಮರುಕಳಿಸದಂತೆ ಮಾಡುವ ಕೆಲಸ

ಹೆಂಡತಿಯ ಮೇಲೆ ಕೈ ಮಾಡಿದವನು ಠಾಣೆಯಲ್ಲಿ ಮುಚ್ಚಳಿಕೆ ಬರೆದುಕೊಟ್ಟ ದಿನ, ಅಥವಾ ಊರ ಹಿರಿಯರ ಮುಂದೆ ದೇವರ ಆಣೆ ಇಟ್ಟು ‘ಇನ್ನು ಹೊಡೆಯುವುದಿಲ್ಲ’ ಎಂದ ದಿನ, ನಮ್ಮ ಉತ್ತರ ಕನ್ನಡ ಜಿಲ್ಲೆಯ ಬಹುಪಾಲು ಮನೆಗಳಲ್ಲಿ ವಿಷಯ ಮುಗಿಯಿತೆಂದೇ ತಿಳಿಯುತ್ತಾರೆ. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದಲ್ಲಿಯೂ ಕೆಳಗಿನ ಕುಮಟಾ, ಅಂಕೋಲಾ, ಕಾರವಾರದಲ್ಲಿಯೂ ಆಪ್ತಸಮಾಲೋಚಕಿಯಾಗಿ ಕುಳಿತು ಕೇಳಿದ ಮಾತುಗಳಿಂದ ನನಗೆ ಮನದಟ್ಟಾದದ್ದೆಂದರೆ, ನಿಜವಾದ ಕೆಲಸ ಶುರುವಾಗುವುದೇ ಆ ದಿನದ ಮಾರನೆಯ ಬೆಳಗಿನಿಂದ. ಹಿಂಸೆ ಎಸಗಿದ ಪುರುಷರ ಸಮಾಲೋಚನೆಯನ್ನು ದೀರ್ಘಕಾಲ ಹಿಂಬಾಲಿಸಿ ನೋಡಿದ ವಿದೇಶಿ ಅಧ್ಯಯನಗಳೂ ಇದನ್ನೇ ತೋರಿಸಿವೆ: ಮತ್ತೆ ಹೊಡೆಯುವವರಲ್ಲಿ ಹೆಚ್ಚಿನವರು ಮೊದಲ ಕೆಲವು ತಿಂಗಳಲ್ಲಿಯೇ ಹೊಡೆಯುತ್ತಾರೆ, ಸಮಾಲೋಚನೆಯನ್ನು ಅರ್ಧಕ್ಕೆ ಬಿಟ್ಟವರು ಮುಗಿಸಿದವರಿಗಿಂತ ಹೆಚ್ಚು ಅಪಾಯಕಾರಿಗಳಾಗಿರುತ್ತಾರೆ. 2004ರಲ್ಲಿ ಅಮೆರಿಕದಲ್ಲಿ 22 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಇಂಥ ಕಾರ್ಯಕ್ರಮಗಳ ಪರಿಣಾಮ ಇದೆಯಾದರೂ ಅದು ಸಣ್ಣದು ಎಂಬ ತೀರ್ಮಾನ ಬಂತು. ಆದ್ದರಿಂದ ವಾರಕ್ಕೊಮ್ಮೆ ಒಂದು ಗಂಟೆ ಕೂರಿಸಿ ಮಾತನಾಡಿಸಿದರೆ ಸಾಲದು, ಉಳಿದ ಆರು ದಿನಗಳಿಗೂ ಯೋಜನೆ ಬೇಕು.

ಈ ಬರಹ ಆಪ್ತಸಮಾಲೋಚಕರಿಗೆ, ಸಂರಕ್ಷಣಾಧಿಕಾರಿಗಳಿಗೆ, ಮನೆಯ ಹಿರಿಯರಿಗೆ, ಹಾಗೂ ತಾನು ಮಾಡಿದ್ದನ್ನು ನಿಲ್ಲಿಸಬೇಕೆಂದು ಪ್ರಾಮಾಣಿಕವಾಗಿ ಬಯಸುವ ಗಂಡಸಿಗೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇಕಡಾ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದರು. ದೇಶದ ಸರಾಸರಿ ಶೇಕಡಾ 29ರ ಆಸುಪಾಸಿನಲ್ಲಿತ್ತು.

ಮೊದಲು: ಅವಳ ಸುರಕ್ಷತೆಯನ್ನು ಅವನ ಬದಲಾವಣೆಗೆ ಕಟ್ಟಿಹಾಕಬೇಡಿ

ಗಂಡ ಸಮಾಲೋಚನೆಗೆ ಸೇರಿದ ಎಂಬ ಸುದ್ದಿಯೇ ಅನೇಕ ಹೆಣ್ಣುಮಕ್ಕಳನ್ನು ತವರಿನಿಂದ ಮರಳಿ ಕರೆತರುತ್ತದೆ. ‘ಈಗ ಸರಿಹೋಗುತ್ತಿದ್ದಾನೆ, ಇನ್ನೇನು’ ಎಂದು ಅಪ್ಪ-ಅಮ್ಮಂದಿರೇ ಹೊರಡಿಸಿ ಕಳಿಸುತ್ತಾರೆ. ಆದ್ದರಿಂದ ಅವನ ಮೊದಲ ಭೇಟಿಗೂ ಮುಂಚೆ ಅವಳೊಂದಿಗೆ ಪ್ರತ್ಯೇಕವಾಗಿ ಮಾತನಾಡಿ, ಈ ಕಾರ್ಯಕ್ರಮ ಯಾವ ಭರವಸೆಯನ್ನೂ ಕೊಡುವುದಿಲ್ಲವೆಂದು ಸ್ಪಷ್ಟವಾಗಿ ತಿಳಿಸಬೇಕು. ಅವಳು ಹೇಳಿದ್ದನ್ನು ಅವನಿಗೆ ತಲುಪಿಸುವುದಿಲ್ಲವೆಂದು ಮಾತು ಕೊಟ್ಟು, ಅದನ್ನು ಪಾಲಿಸಬೇಕು.

ಈ ಭೇಟಿಯಲ್ಲಿ ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕಾಗುತ್ತದೆ. ಎಂದಾದರೂ ಕುತ್ತಿಗೆ ಹಿಸುಕಿದ್ದಾನೆಯೇ? ಕೊಲ್ಲುತ್ತೇನೆಂದು ಹೆದರಿಸಿದ್ದಾನೆಯೇ? ಒತ್ತಾಯದ ಸಂಭೋಗ ನಡೆದಿದೆಯೇ? ಬಸುರಿಯಾಗಿದ್ದಾಗ ಹೊಡೆದಿದ್ದಾನೆಯೇ? ಅವಳು ಬಿಟ್ಟುಹೋಗಲು ಹೊರಟಾಗ ಹಿಂಸೆ ಹೆಚ್ಚಾಗಿತ್ತೇ? ಇವುಗಳಲ್ಲಿ ಕುತ್ತಿಗೆಗೆ ಕೈ ಹಾಕಿದ್ದನ್ನು ಎಂದೂ ಹಗುರವಾಗಿ ತೆಗೆದುಕೊಳ್ಳಬಾರದು. ಹೊರಗೆ ಗಾಯವೇ ಕಾಣದಿದ್ದರೂ ಮುಂದೆ ಪ್ರಾಣಕ್ಕೆ ಎರವಾಗುವ ಸಾಧ್ಯತೆಯನ್ನು ಬಲವಾಗಿ ಸೂಚಿಸುವ ಲಕ್ಷಣವದು. ಈ ಪ್ರಶ್ನೆಗಳಿಗಿಂತಲೂ ಮುಖ್ಯವಾದದ್ದು ಅವಳ ಸ್ವಂತ ಅಂದಾಜು. ‘ಮುಂದಿನ ಕೆಲವು ವಾರಗಳಲ್ಲಿ ಮತ್ತೆ ಹೊಡೆಯಬಹುದು ಅನ್ನಿಸುತ್ತದೆಯೇ’ ಎಂದು ಕೇಳಿ, ‘ಹೌದು’ ಎಂದರೆ ಅದನ್ನು ನಂಬಿ. ನಾವು ಓದಿ ಕಲಿತ ಲೆಕ್ಕಕ್ಕಿಂತ ಅವಳ ಭಯ ಹೆಚ್ಚು ಸಲ ನಿಜವಾಗಿದೆ.

ನಮ್ಮ ಪ್ರದೇಶಕ್ಕೇ ವಿಶೇಷವಾದ ಎರಡು ಸಂಗತಿಗಳನ್ನು ಇಲ್ಲಿ ಸೇರಿಸಬೇಕು. ಘಟ್ಟದ ಮೇಲಿನ ತೋಟದ ಮನೆಗಳಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿ ಇರುತ್ತದೆ. ಚುನಾವಣೆ ಬಂದಾಗ ಅದನ್ನು ಠಾಣೆಗೆ ಒಪ್ಪಿಸುವ ರೂಢಿ ಎಲ್ಲರಿಗೂ ಗೊತ್ತಿರುವುದರಿಂದ, ಸಮಾಲೋಚನೆ ನಡೆಯುವಷ್ಟು ಕಾಲವೂ ಅದು ಅಲ್ಲಿಯೇ ಇರಲಿ ಎಂದು ಒತ್ತಾಯಿಸುವುದು ಕಷ್ಟದ ಮಾತೇನಲ್ಲ. ಇನ್ನೊಂದು ಮಳೆಗಾಲದ ವಿಷಯ. ಜೋಯಿಡಾ, ಯಲ್ಲಾಪುರ, ಸಿದ್ದಾಪುರದ ಒಂಟಿ ಮನೆಗಳಲ್ಲಿ ಕರೆಂಟು ಹೋದರೆ ದಿನಗಟ್ಟಲೆ ಬರುವುದಿಲ್ಲ, ನೆಟ್‌ವರ್ಕ್ ಸಿಗಬೇಕಾದರೆ ಗುಡ್ಡ ಹತ್ತಬೇಕು, ಹಳ್ಳ ತುಂಬಿದರೆ ಕಾಲುಸಂಕ ದಾಟಲಾಗುವುದಿಲ್ಲ. ಅಂಥಲ್ಲಿ ‘112ಕ್ಕೆ ಕರೆ ಮಾಡಿ’ ಎಂದು ಹೇಳಿ ಕಳಿಸಿದರೆ ಏನನ್ನೂ ಹೇಳಿದಂತಾಗಲಿಲ್ಲ. ಹಳ್ಳದ ಈಚೆಗೇ ಇರುವ ಯಾವ ಮನೆಗೆ ರಾತ್ರಿ ಓಡಿಹೋಗಬಹುದು, ಮಕ್ಕಳ ಬಟ್ಟೆ, ಆಧಾರ್, ರೇಶನ್ ಕಾರ್ಡು, ಬ್ಯಾಂಕಿನ ಪುಸ್ತಕ ಯಾರ ಬಳಿ ಇಟ್ಟಿರಬೇಕು, ಆ ಊರಿನ ಆಶಾ ಕಾರ್ಯಕರ್ತೆಗೆ ಅಥವಾ ಅಂಗನವಾಡಿ ಟೀಚರಿಗೆ ವಿಷಯ ತಿಳಿದಿರಬೇಕೇ ಎಂಬುದನ್ನು ಜೂನ್ ತಿಂಗಳಿಗೆ ಮೊದಲೇ ಕೂತು ನಿರ್ಧರಿಸಬೇಕು.

ಕಾನೂನಿನ ಆಧಾರ

ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆ 2005ರದ್ದು, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಅದರ 14ನೇ ಕಲಮಿನಡಿ ಮ್ಯಾಜಿಸ್ಟ್ರೇಟರು ಪ್ರತಿವಾದಿಯನ್ನು ಸಮಾಲೋಚನೆಗೆ ಕಳಿಸಬಹುದು. ಕರ್ನಾಟಕದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿಯಾಗಿರುವುದರಿಂದ ಹುಡುಕಿಕೊಂಡು ಕಾರವಾರದವರೆಗೆ ಹೋಗಬೇಕಿಲ್ಲ. ಈ ಕಾಯಿದೆಯ 2006ರ ನಿಯಮಗಳಲ್ಲಿ 14ನೆಯದನ್ನು ಪ್ರತಿಯೊಬ್ಬ ಸಮಾಲೋಚಕರೂ ಓದಿರಲೇಬೇಕು. ಹಿಂಸೆಗೆ ಸಮರ್ಥನೆ ಹೇಳುವ ಅವಕಾಶ ಪ್ರತಿವಾದಿಗೆ ಸಮಾಲೋಚನೆಯಲ್ಲಿ ಇಲ್ಲ, ಮತ್ತು ಹಾಗಿಲ್ಲವೆಂಬುದನ್ನು ಮೊದಲೇ ಅವನಿಗೆ ತಿಳಿಸಬೇಕು ಎಂದು ಅದು ಹೇಳುತ್ತದೆ. ಇನ್ನು ಹಿಂಸೆ ಎಸಗುವುದಿಲ್ಲವೆಂಬ ಮುಚ್ಚಳಿಕೆಯನ್ನೂ, ಅಗತ್ಯವಿದ್ದಲ್ಲಿ ಅವಳನ್ನು ಭೇಟಿಯಾಗುವುದಾಗಲಿ ಫೋನು, ಪತ್ರಗಳ ಮೂಲಕ ಸಂಪರ್ಕಿಸುವುದಾಗಲಿ ಮಾಡುವುದಿಲ್ಲವೆಂಬ ಮುಚ್ಚಳಿಕೆಯನ್ನೂ ಅವನಿಂದ ಪಡೆಯಬೇಕು ಎನ್ನುತ್ತದೆ.

ಬರಿಯ ಮುಚ್ಚಳಿಕೆಗಿಂತ, ಹಿಂಸೆ ಎಸಗದಂತೆ ಮ್ಯಾಜಿಸ್ಟ್ರೇಟರು ಅವನನ್ನು ತಡೆಯುವ 18ನೇ ಕಲಮಿನ ಸಂರಕ್ಷಣಾ ಆದೇಶಕ್ಕೆ ಹೆಚ್ಚು ತೂಕವಿದೆ. ಅದನ್ನು ಮೀರಿದರೆ 31ನೇ ಕಲಮಿನ ಪ್ರಕಾರ 1 ವರ್ಷದವರೆಗೆ ಸೆರೆವಾಸ, 20,000 ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ‘ಸಮಾಲೋಚನೆಗೆ ಬರುತ್ತಿದ್ದಾನಲ್ಲ, ಆದೇಶ ಯಾಕೆ’ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಆದೇಶವಿದ್ದರೆ ಸಮಾಲೋಚನೆಗೆ ಹೆಚ್ಚು ನಿಯತ್ತಾಗಿ ಬರುತ್ತಾನೆ. ಉಚಿತ ವಕೀಲರ ನೆರವು ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಸಿಗುತ್ತದೆ. ಅದರ ಸಹಾಯವಾಣಿ 15100.

ಎರಡನೆಯದು: ವಾಕ್ಯದ ಕರ್ತೃವನ್ನು ಹುಡುಕಿಸುವುದು

ನಮ್ಮ ಭಾಷೆಯಲ್ಲಿ ತಪ್ಪಿತಸ್ಥ ಅಡಗಿಕೊಳ್ಳಲು ಬಹಳ ಜಾಗಗಳಿವೆ. ‘ಸಿಟ್ಟು ಬಂತು’, ‘ಕೈ ಎತ್ತಿಹೋಯಿತು’, ‘ಒಂದೇಟು ಬಿತ್ತು’, ‘ಏನೋ ಆಗಿಹೋಯಿತು’. ಈ ಯಾವ ವಾಕ್ಯದಲ್ಲಿಯೂ ಹೊಡೆದವನು ಇಲ್ಲ. ಸಿಟ್ಟು ತಾನಾಗಿ ಬಂದಿದೆ, ಕೈ ತಾನಾಗಿ ಎದ್ದಿದೆ, ಏಟು ಮಳೆ ಬಿದ್ದಂತೆ ಬಿದ್ದಿದೆ. ಆದ್ದರಿಂದ ಮೊದಲ ಮೂರು-ನಾಲ್ಕು ಭೇಟಿಗಳಲ್ಲಿ ನಾನು ಮಾಡಿಸುವ ಕೆಲಸ ನೋಡಲು ಬಹಳ ಚಿಕ್ಕದು. ಕೊನೆಯ ಸಲ ನಡೆದದ್ದನ್ನು ‘ನಾನು’ ಎಂಬ ಪದದಿಂದ ಆರಂಭವಾಗುವ ವಾಕ್ಯಗಳಲ್ಲಿ ಹೇಳಿಸುವುದು. ‘ನಾನು ಬಾಗಿಲಿಗೆ ಅಗಳಿ ಹಾಕಿದೆ. ನಾನು ಅವಳ ಕೂದಲು ಹಿಡಿದೆ. ನಾನು ಎರಡು ಸಲ ಹೊಡೆದೆ. ನಾನು ಮಗಳು ಅಳುವುದನ್ನು ನೋಡಿದೆ.’ ಬಾಗಿಲಿಗೆ ಅಗಳಿ ಹಾಕಿದ್ದನ್ನು ಬಾಯಿಬಿಟ್ಟು ಹೇಳಿದವನಿಗೆ ‘ಮೈಮೇಲೆ ಎಚ್ಚರವಿರಲಿಲ್ಲ’ ಎಂಬ ಮಾತು ಮುಂದೆ ಉಳಿಯುವುದಿಲ್ಲ. ದೋಣಿ ನಡೆಸುವ ತಾಂಡೇಲನ ಮೇಲೆ, ಸೊಸೈಟಿಯ ಕಾರ್ಯದರ್ಶಿಯ ಮೇಲೆ ಎಷ್ಟೇ ಸಿಟ್ಟು ಬಂದರೂ ಕೈ ಮಾಡದವನು ಹೆಂಡತಿಯ ಮೇಲೆ ಮಾತ್ರ ಮಾಡುತ್ತಾನೆಂದರೆ, ಅಲ್ಲಿ ಸಿಟ್ಟಿಗಿಂತ ಮೊದಲೇ ಒಂದು ನಿರ್ಧಾರವಿದೆ. ‘ಇವಳಿಗೆ ಹೊಡೆಯಬಹುದು’ ಎಂಬ ಆ ನಿರ್ಧಾರವನ್ನು ಅವನ ಎದುರಿಗೇ ಇಡಬೇಕು. ಹೀಯಾಳಿಸುವುದರಿಂದ, ಗದರಿಸುವುದರಿಂದ ಇದು ಸಾಧ್ಯವಾಗುವುದಿಲ್ಲ. ಅವಮಾನವಾದವನು ಮುಂದಿನ ವಾರ ಬರುವುದಿಲ್ಲ, ಆ ಅವಮಾನವನ್ನು ಮನೆಗೆ ಹೋಗಿ ತೀರಿಸಿಕೊಳ್ಳುತ್ತಾನೆ.

ಮೂರನೆಯದು: ನಮ್ಮ ಪಂಚಾಂಗವನ್ನು ಮುಂದಿಟ್ಟುಕೊಂಡು ಯೋಜಿಸುವುದು

ಯಾವಾಗ ಅಪಾಯ ಹೆಚ್ಚು ಎಂದು ಕೇಳಿದರೆ ಪುಸ್ತಕಗಳು ಕುಡಿತ, ಹಣದ ಅಡಚಣೆ, ಸಂಶಯ, ಅಗಲಿಕೆ ಎಂದು ಪಟ್ಟಿ ಕೊಡುತ್ತವೆ. ನಮ್ಮಲ್ಲಿ ಇವಕ್ಕೆ ತಿಂಗಳು, ತಿಥಿಗಳಿವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವ 61 ದಿನಗಳಲ್ಲಿ ಕಾರವಾರದಿಂದ ಭಟ್ಕಳದವರೆಗೆ ಗಂಡಸರು ಮನೆಯಲ್ಲಿರುತ್ತಾರೆ, ಕೈಯಲ್ಲಿ ದುಡ್ಡಿರುವುದಿಲ್ಲ, ಹೊರಗೆ ಎಡೆಬಿಡದ ಮಳೆ. ಗೋವಾದಲ್ಲಿ ದುಡಿಯುವವರ ಮನೆಗಳಲ್ಲಿ ಶನಿವಾರದ ರಾತ್ರಿ ಬೇರೆಯದೇ ಆಗಿರುತ್ತದೆ, ಏಕೆಂದರೆ ಅಗ್ಗದ ಮದ್ಯ ಅವರೊಂದಿಗೇ ಬರುತ್ತದೆ. ಶಿರಸಿಯ ಕಡೆ ಅಡಿಕೆಯ ಕೊನೆ (ಗೊನೆ) ಕೊಯ್ಲಿನ ದಿನಗಳಲ್ಲಿ ರಾತ್ರಿಯವರೆಗೂ ಅಡಿಕೆ ಸುಲಿಯುವ ದಣಿವು, ಆಮೇಲೆ ಅಡಿಕೆ ಮಾರಿದ ದುಡ್ಡು ಯಾರ ಖಾತೆಗೆ ಹೋಯಿತು ಎಂಬ ಜಗಳ. ಬಂಡಿಹಬ್ಬ, ಜಾತ್ರೆ, ಮದುವೆಯ ಮನೆ, ಯಕ್ಷಗಾನದ ಆಟದ ರಾತ್ರಿಗಳೂ ಇವೆ.

ಆದ್ದರಿಂದ ಅವನೊಂದಿಗೆ ಕೂತು ಮುಂದಿನ ಆರು ತಿಂಗಳ ಕ್ಯಾಲೆಂಡರಿನ ಮೇಲೆ ಕೆಂಪು ಪೆನ್ನಿನಿಂದ ಗುರುತು ಹಾಕಿಸಿ. ಹಿಂದಿನ ಹೊಡೆತಗಳು ಯಾವ ದಿನಗಳಲ್ಲಿ ನಡೆದವೆಂದು ನೆನಪಿಸಿಕೊಂಡರೆ ಮುಂದಿನ ದಿನಗಳು ತಾವಾಗಿ ಕಾಣುತ್ತವೆ. ಪ್ರತಿ ಗುರುತಿನ ಎದುರಿಗೂ ಅಂದು ಅವನು ಎಲ್ಲಿರುತ್ತಾನೆ, ಯಾರೊಂದಿಗಿರುತ್ತಾನೆ, ಎಷ್ಟು ಹೊತ್ತಿಗೆ ಮನೆಗೆ ಬರುತ್ತಾನೆ, ಕುಡಿದಿದ್ದರೆ ಎಲ್ಲಿ ಮಲಗುತ್ತಾನೆ ಎಂಬುದನ್ನು ಅವನ ಕೈಬರಹದಲ್ಲಿಯೇ ಬರೆಸಿ. ‘ಕುಡಿಯುವುದಿಲ್ಲ’ ಎಂದಷ್ಟೇ ಬರೆದರೆ ಅದು ಇನ್ನೊಂದು ಆಣೆಯಾಗುತ್ತದೆ. ‘ಕುಡಿದರೆ ಮನೆಗೆ ಹೋಗುವುದಿಲ್ಲ, ದಕ್ಕೆಯ ಹತ್ತಿರ ಅಣ್ಣನ ಮನೆಯಲ್ಲಿ ಮಲಗುತ್ತೇನೆ, ಅಣ್ಣನಿಗೆ ಹೇಳಿದ್ದೇನೆ’ ಎಂದು ಬರೆದರೆ ಮಾತ್ರ ಅದು ಯೋಜನೆ. ಭೇಟಿಗಳ ಸಮಯವೂ ಕಸುಬಿಗೆ ಹೊಂದಬೇಕು. ದೋಣಿ ಕಡಲಿನಲ್ಲಿರುವ ಹೊತ್ತಿಗೆ ಬಾ ಎಂದು ಕರೆದು, ಆಮೇಲೆ ಗೈರುಹಾಜರಿ ಎಂದು ಬರೆದುಕೊಳ್ಳುವುದು ನಮ್ಮದೇ ತಪ್ಪು.

ಸಿಟ್ಟೇರುವ ಹೊತ್ತಿಗೆ ಅಲ್ಲಿಂದ ಸರಿದುಹೋಗುವ ಕ್ರಮವನ್ನೂ ಕಲಿಸಬೇಕು. ದವಡೆ ಬಿಗಿಯುವುದು, ಕಿವಿ ಬಿಸಿಯಾಗುವುದು, ‘ಇವಳಿಗೆ ಇವತ್ತು ತೋರಿಸುತ್ತೇನೆ’ ಎಂದು ಮನಸ್ಸಿನಲ್ಲಿ ಮಾತು ಓಡುವುದು, ಇಂಥ ತನ್ನದೇ ಮುನ್ಸೂಚನೆಗಳನ್ನು ಅವನು ಗುರುತಿಸಬೇಕು. ಆ ಹೊತ್ತಿಗೆ ‘ಒಂದು ಗಂಟೆ ಹೊರಗೆ ಹೋಗಿ ಬರುತ್ತೇನೆ’ ಎಂದಷ್ಟೇ ಹೇಳಿ ಹೊರಡಬೇಕು. ಬಾಗಿಲು ಬಡಿಯುವಂತಿಲ್ಲ, ಬೈಕು ಹತ್ತುವಂತಿಲ್ಲ, ಬಾರಿನ ದಾರಿ ಹಿಡಿಯುವಂತಿಲ್ಲ. ನಡೆದು, ಹೇಳಿದ ಹೊತ್ತಿಗೆ ಮರಳಬೇಕು. ಈ ಕ್ರಮವನ್ನು ಅವಳಿಗೂ ಮೊದಲೇ ವಿವರಿಸಿರಬೇಕು, ಇಲ್ಲವಾದರೆ ಅವನು ಎದ್ದುಹೋಗುವುದೇ ಅವಳನ್ನು ಹೆದರಿಸುವ ಹೊಸ ಉಪಾಯವಾಗಬಹುದು. ‘ನಿನಗೆ ಸಿಟ್ಟು ಬಂದಿದೆ, ಹೊರಗೆ ಹೋಗಿ ಬಾ’ ಎಂದು ನೆನಪಿಸುವ ಕೆಲಸ ಮಾತ್ರ ಅವಳದ್ದಾಗಬಾರದು.

ಕುಡಿತದ ಬಗ್ಗೆ ಎರಡು ಮಾತು

ಹಾಲಕ್ಕಿ ಸಮುದಾಯದ ಹಾಡುಗಾರ್ತಿ, 2017ರಲ್ಲಿ ಪದ್ಮಶ್ರೀ ಪಡೆದ ಅಂಕೋಲಾದ ಬಡಗೇರಿಯ ಸುಕ್ರಿ ಬೊಮ್ಮಗೌಡ ಅವರು ಸಾರಾಯಿಯ ವಿರುದ್ಧ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಹೋರಾಡಿದ ನೆಲವಿದು. ಕುಡಿತಕ್ಕೂ ಹೊಡೆತಕ್ಕೂ ಇರುವ ನಂಟನ್ನು ಇಲ್ಲಿನ ಹೆಂಗಸರಿಗೆ ಯಾರೂ ಕಲಿಸಬೇಕಿಲ್ಲ. ನಿತ್ಯ ಕುಡಿಯುವವನು ಮತ್ತೆ ಹೊಡೆಯುವ ಸಂಭವ ಬಹಳ ಹೆಚ್ಚೆಂಬುದು ಸಂಶೋಧನೆಯಲ್ಲಿಯೂ ಕಂಡುಬಂದಿದೆ. ಆದರೂ ಕುಡಿತ ಬಿಟ್ಟ ಕೂಡಲೇ ಹಿಂಸೆ ನಿಲ್ಲುತ್ತದೆಂದು ನಂಬಬಾರದು. ಕುಡಿಯದೆಯೇ ಹೊಡೆಯುವವರನ್ನೂ ನಾನು ಕಂಡಿದ್ದೇನೆ. ಎರಡಕ್ಕೂ ಚಿಕಿತ್ಸೆ ಜೊತೆಜೊತೆಯಾಗಿ ನಡೆಯಬೇಕು.

ಬಹುಕಾಲ ದಿನವೂ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಕೈಕಾಲು ನಡುಕ, ಅಪಸ್ಮಾರ, ಬುದ್ಧಿಭ್ರಮಣೆ ಬಂದು ಜೀವಕ್ಕೇ ಅಪಾಯವಾಗಬಹುದು. ಆದ್ದರಿಂದ ದೇವರ ಮುಂದೆ ಆಣೆ ಇಡುವ ಮೊದಲು ವೈದ್ಯರನ್ನು ಕಾಣಿಸಿ. ಕಾರವಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಘಟ್ಟದ ಮೇಲಿನವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಫೋನಿನಲ್ಲಿ ಮಾತನಾಡಬೇಕೆಂದರೆ 14416ರ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯಲ್ಲಿ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ಇನ್ನೊಂದು ಮಾತನ್ನು ಕೈಮುಗಿದು ಹೇಳುತ್ತೇನೆ: ಅವನಿಗೆ ತಿಳಿಯದಂತೆ ಸಾರಿನಲ್ಲಿ, ಚಹಾದಲ್ಲಿ ಕುಡಿತ ಬಿಡಿಸುವ ಮಾತ್ರೆ ಅಥವಾ ಪುಡಿ ಬೆರೆಸಬೇಡಿ. ಇಂಥ ಔಷಧಗಳಲ್ಲಿ ಒಂದಾದ ಡೈಸಲ್ಫಿರಾಂ ತೆಗೆದುಕೊಂಡದ್ದು ತಿಳಿಯದೆ ಅವನು ಕುಡಿದರೆ ಪ್ರಾಣವೇ ಹೋಗಬಹುದು. ತಿಳಿದುಬಂದರೆ ಹೊಡೆತ ತಿನ್ನುವವಳು ಬೆರೆಸಿದವಳೇ.

ನಾಲ್ಕನೆಯದು: ಹೊಡೆತ ನಿಂತ ಮೇಲೆ ಏನು ಹೆಚ್ಚಾಯಿತೆಂದು ನೋಡುವುದು

ಕೇಸಿನ ಭಯಕ್ಕೆ ಕೈ ಕಟ್ಟಿಕೊಂಡವನು ಬೇರೆ ದಾರಿ ಹುಡುಕುತ್ತಾನೆ. ಫೋನು ಕಿತ್ತುಕೊಂಡು ನೋಡುವುದು, ಸ್ವಸಹಾಯ ಸಂಘದ ಸಭೆಗೆ ಹೋಗಬೇಡವೆನ್ನುವುದು, ತಿಂಗಳಿಗೆ 2,000 ರೂಪಾಯಿ ಬರುವ ಗೃಹಲಕ್ಷ್ಮಿ ಹಣವನ್ನು ತೆಗೆಸಿಕೊಳ್ಳುವುದು, ವಾರಗಟ್ಟಲೆ ಮಾತು ಬಿಡುವುದು, ‘ತೋಟಕ್ಕೆ ಹೊಡೆಯಲು ತಂದ ಔಷಧ ಕುಡಿದು ಸಾಯುತ್ತೇನೆ’ ಎಂದು ಹೆದರಿಸುವುದು. ಕಾಯಿದೆಯ 3ನೇ ಕಲಮು ದೈಹಿಕ ಹಿಂಸೆಯೊಂದಿಗೆ ಲೈಂಗಿಕ, ಮಾತಿನ ಮತ್ತು ಭಾವನಾತ್ಮಕ, ಆರ್ಥಿಕ ಹಿಂಸೆಗಳನ್ನೂ ಸೇರಿಸಿರುವುದು ಈ ಕಾರಣಕ್ಕೇ. ಪ್ರತಿ ಭೇಟಿಯಲ್ಲಿಯೂ ‘ಹೊಡೆದೆಯಾ’ ಎಂದು ಮಾತ್ರ ಕೇಳಿದರೆ ‘ಇಲ್ಲ’ ಎಂಬ ನಿಜವಾದ ಉತ್ತರ ಬರುತ್ತದೆ, ನಾವು ಮೋಸಹೋಗುತ್ತೇವೆ. ಸಾಯುವ ಬೆದರಿಕೆಯನ್ನು ಮಾತ್ರ ನಾಟಕವೆಂದು ತಳ್ಳಿಹಾಕಬಾರದು. ಅದು ಅವನಿಗೂ ಅವಳಿಗೂ ಅಪಾಯದ ಸೂಚನೆಯೇ ಆದ್ದರಿಂದ ಅದೇ ದಿನ ವೈದ್ಯರಿಗೆ ತಿಳಿಸಿ, ಔಷಧದ ಡಬ್ಬಿಯನ್ನು ಮನೆಯಿಂದ ಹೊರಗೆ ಸಾಗಿಸಿ.

ಅವಳ ಮಾತನ್ನು ಕೇಳುವ ರೀತಿಯಲ್ಲಿ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಆರಂಭದ ವರ್ಷಗಳಲ್ಲಿ ಗಂಡನ ಫೋನಿಗೇ ಕರೆ ಮಾಡಿ, ‘ಸ್ವಲ್ಪ ಮನೆಯವರಿಗೆ ಕೊಡಿ’ ಎಂದು ವಿಚಾರಿಸುತ್ತಿದ್ದೆ. ಒಬ್ಬಳು ‘ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ ಮೇಡಂ’ ಎಂದಳು. ಹದಿನೈದು ದಿನಗಳ ನಂತರ ಮಣಿಕಟ್ಟು ಮುರಿದುಕೊಂಡ ಅವಳನ್ನು ಆಸ್ಪತ್ರೆಯಲ್ಲಿ ಕಂಡೆ. ಅವಳು ನನ್ನೊಂದಿಗೆ ಮಾತನಾಡುವಾಗ ಅವನು ಪಕ್ಕದಲ್ಲಿಯೇ ಸ್ಪೀಕರ್ ಹಾಕಿಕೊಂಡು ಕೂತಿದ್ದನಂತೆ. ಅಂದಿನಿಂದ ಅವಳೊಂದಿಗೆ ಮಾತು ಅಂಗನವಾಡಿಯಲ್ಲಿ, ಆರೋಗ್ಯ ಕೇಂದ್ರದಲ್ಲಿ, ಸಂಘದ ಸಭೆಯ ದಿನ, ಎಲ್ಲಿ ಅವಳು ಹೇಳುತ್ತಾಳೋ ಅಲ್ಲಿ. ಗಂಡ-ಹೆಂಡತಿಯನ್ನು ಒಟ್ಟಿಗೆ ಕೂರಿಸುವ ಭೇಟಿಯನ್ನು ಮೊದಲ ತಿಂಗಳುಗಳಲ್ಲಿ ಇಟ್ಟುಕೊಳ್ಳುವುದೇ ಇಲ್ಲ. ಅಲ್ಲಿ ಅವಳು ನಿಜ ಹೇಳಿದರೆ ಮನೆಗೆ ಹೋಗುವ ದಾರಿಯಲ್ಲಿಯೇ ಅದಕ್ಕೆ ಬೆಲೆ ತೆರಬೇಕಾಗುತ್ತದೆ.

ಐದನೆಯದು: ಮುಚ್ಚಿಡದ ಒಬ್ಬ ಗಂಡಸು ಜೊತೆಗಿರಲಿ

ಪ್ರತಿಯೊಬ್ಬನೂ ತನ್ನ ಬಳಗದಲ್ಲಿ ಒಬ್ಬನನ್ನು ಆರಿಸಿಕೊಳ್ಳಬೇಕು. ಅಣ್ಣ, ಭಾವ, ಸೋದರಮಾವ, ದೋಣಿಯ ತಾಂಡೇಲ, ಯಾರೂ ಆಗಬಹುದು, ಆದರೆ ಅವನೊಂದಿಗೆ ಕುಡಿಯಲು ಕೂರುವವರು ಆಗಬಾರದು. ಅವಳೂ ಆ ವ್ಯಕ್ತಿಯನ್ನು ಒಪ್ಪಿರಬೇಕು. ಶಿರಸಿಯ ಸಮೀಪದ ಒಬ್ಬ ಹಿರಿಯರು ತಂಗಿಯ ಗಂಡನಿಗೆ ಹೇಳಿದ ಮಾತನ್ನು ನಾನು ಇಂದಿಗೂ ಬೇರೆಯವರಿಗೆ ಹೇಳುತ್ತೇನೆ: ‘ಭಾವ, ನಿಮಗೆ ಯಾವ ಹೊತ್ತಿಗೆ ಫೋನು ಮಾಡಬೇಕೆನಿಸಿದರೂ ಮಾಡಿ, ನಾನು ಬರುತ್ತೇನೆ. ಆದರೆ ತಂಗಿಯ ಮೈಮೇಲೆ ಮತ್ತೆ ಗಾಯ ಕಂಡರೆ ಠಾಣೆಗೆ ಮೊದಲು ಹೋಗುವವನೂ ನಾನೇ.’ ಮನೆಯ ಹಿರಿಯರು ಅವಳಿಗೆ ‘ಹೊಂದಿಕೊಂಡು ಹೋಗು’ ಎಂಬ ಮಾತನ್ನು ಈ ಆರು ತಿಂಗಳಾದರೂ ಹೇಳದಿದ್ದರೆ ಅದೇ ದೊಡ್ಡ ಉಪಕಾರ. ಅತ್ತೆಯಾದವರು ಮಗನ ಸಿಟ್ಟಿಗೆ ಸೊಸೆಯ ಅಡುಗೆಯನ್ನು ಕಾರಣ ಮಾಡುವ ಮನೆಗಳಲ್ಲಿ ಅತ್ತೆಯವರೊಂದಿಗೂ ಒಂದು ಭೇಟಿ ಬೇಕಾಗುತ್ತದೆ.

ತಪ್ಪಿಸಿಕೊಂಡರೆ, ಮತ್ತೆ ಹೊಡೆದರೆ

ಒಂದು ಭೇಟಿ ತಪ್ಪಿದರೆ ಮಾರನೆಯ ದಿನದೊಳಗೆ ಅವನಿಗೆ ಕರೆ ಹೋಗಬೇಕು, ಅವಳಿಗೆ ಅವಳು ಒಪ್ಪಿದ ದಾರಿಯಲ್ಲಿ ತಿಳಿಸಬೇಕು. ಎರಡು ಭೇಟಿ ಕಾರಣವಿಲ್ಲದೆ ತಪ್ಪಿದರೆ ಸಂರಕ್ಷಣಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು, ನ್ಯಾಯಾಲಯದಿಂದ ಬಂದವನಾದರೆ ನ್ಯಾಯಾಲಯಕ್ಕೂ. ಬಿಟ್ಟುಹೋದವನಿಗೆ ಏನೂ ಆಗುವುದಿಲ್ಲವೆಂಬುದು ಒಮ್ಮೆ ಊರಿಗೆ ತಿಳಿದರೆ ಮುಂದೆ ಯಾರೂ ಪೂರ್ತಿ ಮಾಡುವುದಿಲ್ಲ.

ಮತ್ತೆ ಹೊಡೆದನೆಂದರೆ ಮೊದಲು ಅವಳು ಮತ್ತು ಮಕ್ಕಳು ಸುರಕ್ಷಿತ ಜಾಗಕ್ಕೆ ಸೇರಬೇಕು. 112ಕ್ಕೆ ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು. ಸಖಿ ಕೇಂದ್ರದಲ್ಲಿ ತಾತ್ಕಾಲಿಕ ವಸತಿಯೂ ಪೊಲೀಸು, ವೈದ್ಯಕೀಯ, ಕಾನೂನಿನ ನೆರವೂ ಒಂದೆಡೆ ಸಿಗುತ್ತವೆ. ಸರ್ಕಾರಿ ಆಸ್ಪತ್ರೆಯಲ್ಲಿ ‘ಜಾರಿ ಬಿದ್ದೆ’ ಎನ್ನದೆ ಇದ್ದದ್ದನ್ನು ಬರೆಸಬೇಕು, ಏಕೆಂದರೆ ನಾಳೆ ನ್ಯಾಯಾಲಯದಲ್ಲಿ ಮಾತನಾಡುವುದು ಆ ಚೀಟಿಯೇ. ಸಂರಕ್ಷಣಾ ಆದೇಶವಿದ್ದರೆ ಉಲ್ಲಂಘನೆಯ ದೂರು, ಇಲ್ಲವಾದರೆ ಗಂಡನ ಕ್ರೌರ್ಯಕ್ಕೆ ಸಂಬಂಧಿಸಿದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಿನಡಿಯ ದೂರು ದಾಖಲಾಗಬಹುದು. ‘ನಮ್ಮ ಕೇಂದ್ರದ ಹೆಸರು ಕೆಡುತ್ತದೆ, ಇನ್ನೊಂದು ಅವಕಾಶ ಕೊಡೋಣ’ ಎಂದು ಸಮಾಲೋಚಕರೇ ಮುಚ್ಚಿಹಾಕುವುದನ್ನು ನಾನು ಕಂಡಿದ್ದೇನೆ. ಅದಕ್ಕಿಂತ ದೊಡ್ಡ ದ್ರೋಹ ಅವಳಿಗೆ ಇನ್ನೊಂದಿಲ್ಲ. ಪ್ರಕರಣ ದಾಖಲಾದ ಮೇಲೆಯೂ ಅವನನ್ನು ಸಮಾಲೋಚನೆಯಿಂದ ಹೊರಹಾಕಬೇಕಿಲ್ಲ. ಕಾನೂನು ಅದರ ಹಾದಿಯಲ್ಲಿ ನಡೆಯಲಿ, ನಮ್ಮ ಕೆಲಸ ಮೊದಲಿನಿಂದ, ಇನ್ನಷ್ಟು ಬಿಗಿಯಾಗಿ ನಡೆಯಲಿ.

ಕೊನೆಯ ಭೇಟಿಯಲ್ಲಿ ಅವನು ಪ್ರಮಾಣಪತ್ರ ಕೇಳುತ್ತಾನೆ. ಮಕ್ಕಳ ಸುಪರ್ದಿಗಾಗಿಯೋ ಕೇಸು ಹಿಂದೆಗೆಸುವುದಕ್ಕಾಗಿಯೋ ಅದನ್ನು ಮುಂದಿಡುವುದುಂಟು. ಅದರಲ್ಲಿ ಎಷ್ಟು ಭೇಟಿಗಳಿದ್ದವು, ಎಷ್ಟಕ್ಕೆ ಬಂದ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಎಂಬುದನ್ನಷ್ಟೇ ಬರೆಯಿರಿ. ‘ಬದಲಾಗಿದ್ದಾನೆ’ ಎಂದು ಬರೆಯುವ ಅಧಿಕಾರ ನಮಗಿಲ್ಲ. ಪತ್ರವನ್ನು ಅವನ ಕೈಗೆ ಕೊಡುವ ಮೊದಲು ಮುಂದಿನ ಒಂದು ವರ್ಷದ ಅನುಸರಣೆಯ ದಿನಾಂಕಗಳನ್ನು ಎರಡು ಪುಸ್ತಕಗಳಲ್ಲಿ ಬೇರೆ ಬೇರೆಯಾಗಿ ಗುರುತು ಮಾಡಿಕೊಳ್ಳಿ, ಒಂದು ಅವನ ಭೇಟಿಗೆ, ಇನ್ನೊಂದು ಅವಳ ಮಾತಿಗೆ. ಕರಾವಳಿಯ ಮನೆಯಾದರೆ ಜೂನ್ ತಿಂಗಳ ಮೊದಲ ವಾರ ಆ ಎರಡೂ ಪುಸ್ತಕಗಳಲ್ಲಿ ಇರಲಿ.